ತಲೆ ಎಣಿಸದೆ ಕೆಡವಿದ ಸರ್ಕಾರ

ಬಂಗಾರಪೇಟೆ ಜಂಕ್ಷನ್ನಿನಲ್ಲಿ ಕವಲೊಡೆದ ರೈಲುದಾರಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ಅಂತ ಒಂದೊಂದೇ ಚಿನ್ನದ ಗಣಿಯ ಹೆಸರು ಹೇಳಿಕೊಂಡು ಬಂದು ಮಾರಿಕುಪ್ಪಂನಲ್ಲಿ ನಿಂತುಬಿಡುತ್ತದೆ. ಅಲ್ಲಿಂದಾಚೆಗೆ ಆಗ ಹಳಿ ಇರಲಿಲ್ಲ. ಬೆಂಗಳೂರಿನ ಸುದ್ದಿ ನಮಗೆ ತಲುಪುತ್ತಿದ್ದದ್ದು ಅದೇ ರೈಲಿನಲ್ಲಿ. ನಾನಾಗ ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮನೆ ಸೇರುವ ಸಾವಿರಾರು ಜನರಲ್ಲಿ ನಾನೂ ಒಬ್ಬ. ಬರುವಾಗ ಕಂಕುಳಲ್ಲಿ ಒಂದು ಸಂಜೆ ಪತ್ರಿಕೆ ಇರಲೇಬೇಕು. ಇಲ್ಲದಿದ್ದರೆ ಗಣಿಯ ಮನೆಗಳ ನಮ್ಮ ಸಾಲಿನ ತಿಣ್ಣೆಯ ಮೇಲೆ ಕೂತವರು ನನ್ನನ್ನು ಊಟಕ್ಕೆ ಒಳಗೆ ಬಿಡುತ್ತಿರಲಿಲ್ಲ.

ಆ ತಿಣ್ಣೆಯ ಮೇಲಿನ ಮೂವರ ಬಗ್ಗೆ ಮೊದಲು ಹೇಳಬೇಕು. ಒಬ್ಬರು ನಮ್ಮಪ್ಪ. ಮುಳಬಾಗಿಲು ಕಡೆಯವರು, ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಹಾಜರಿ ಬರೆದು ಬರೆದು ಕಂಡಿದ್ದನ್ನೆಲ್ಲ ಎಣಿಸುವುದು ಅವರಿಗೆ ಅಭ್ಯಾಸವಾಗಿತ್ತು. ಮದುವೆ ಮನೆಗೆ ಹೋದರೆ ಪಂಕ್ತಿಯಲ್ಲಿ ಎಷ್ಟು ಎಲೆ ಅಂತ ಎಣಿಸಿಯೇ ಕೂರುವರು. ಎರಡನೆಯವರು ಎದುರುಮನೆ ಮೇಸ್ತ್ರಿ ತಾತ. ಅವರ ಹಿರೀಕರು ಉತ್ತರ ಆರ್ಕಾಟಿನಿಂದ ಬಂದು ಗಣಿಗೆ ಇಳಿದವರು. ತಾತನೂ ಜೀವನವೆಲ್ಲ ಭೂಮಿಯೊಳಗೆ ಸವೆಸಿ ನಿವೃತ್ತರಾಗಿದ್ದರು. ಬಂಡೆ ಸಿಡಿಸುವ ಸದ್ದಿಗೆ ಕಿವಿ ಮಂದವಾಗಿತ್ತು. ಹಾಗಾಗಿ ರಾತ್ರಿ ಅವರು ಬಿಬಿಸಿ ತಮಿಳೋಸೈ ಹಾಕಿದರೆ ಇಡೀ ಸಾಲಿಗೇ ಕೇಳುತ್ತಿತ್ತು. ತಮಿಳು ಬಾರದ ಹೆಂಗಸರಿಗೂ ಲಂಡನ್ನಿನ ಆ ದನಿ ಪರಿಚಯವಾಗಿತ್ತು. ಮೂರನೆಯವರು ಮೂಲೆ ಅಂಗಡಿಯ ಮಾವ. ಕುಪ್ಪಂ ಕಡೆಯ ತೆಲುಗರು. ಪೊಟ್ಟಣ ಕಟ್ಟಲು ತಂದ ಹಳೇ ಪೇಪರನ್ನು ಪೂರ್ತಿ ಓದಿ ಮುಗಿಸದೆ ಅದರಲ್ಲಿ ಕಡಲೆಕಾಯಿ ಕಟ್ಟುತ್ತಿರಲಿಲ್ಲ. ಗಿರಾಕಿ ಕಾಯಬೇಕು. ಮಕ್ಕಳಂತೂ ದುಡ್ಡು ಕೊಟ್ಟು ಪಕ್ಕದಲ್ಲಿ ಗೋಲಿ ಆಡುತ್ತಾ ಕಾಯುತ್ತಿದ್ದವು.

ಯಾರ ಮನೆಯಲ್ಲಿ ಯಾವ ಭಾಷೆ ಅನ್ನುವುದು ತಿಣ್ಣೆಯ ಮೇಲೆ ಲೆಕ್ಕಕ್ಕೆ ಬರುತ್ತಿರಲಿಲ್ಲ. ತಾತ ತಮಿಳಿನಲ್ಲಿ ಕೇಳಿದರೆ ಮಾವ ತೆಲುಗಿನಲ್ಲಿ ಉತ್ತರ ಕೊಟ್ಟು, ನಡುವೆ ನಮ್ಮಪ್ಪ ಕನ್ನಡದಲ್ಲಿ ತೀರ್ಮಾನ ಹೇಳುವರು. ಗಣಿಯೂರಲ್ಲಿ ಹುಟ್ಟಿದವರಿಗೆ ಇದರಲ್ಲಿ ವಿಶೇಷವೇನೂ ಕಾಣದು.

1989ರ ಏಪ್ರಿಲ್. ಆ ಸಲದ ಬೇಸಿಗೆ ಕೆಟ್ಟದಾಗಿತ್ತು ಅಂತ ನನ್ನ ನೆನಪು. ಬಹುಶಃ ಎಲ್ಲ ಬೇಸಿಗೆಯ ನೆನಪೂ ಹೀಗೇ ಇರುತ್ತದೇನೋ. ಮಧ್ಯಾಹ್ನ ಗಾಳಿ ಎದ್ದರೆ ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬಿಳಿ ದೂಳು ತಗಡಿನ ಮಾಡುಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದ ಅನ್ನದ ಮೇಲೆ ಕೂರುತ್ತಿತ್ತು. ಅಮ್ಮ ಪಾತ್ರೆಗಳ ಮೇಲೆಲ್ಲ ಒದ್ದೆ ಬಟ್ಟೆ ಮುಚ್ಚಿಡುವರು. ಸಂಜೆ ಮುದ್ದೆ, ಮಸ್ಸೊಪ್ಪು; ಒಂದೊಂದು ದಿನ ಮಾವಿನಕಾಯಿ ತುರಿದು ಹಾಕಿದ ಚಿತ್ರಾನ್ನ. ತಾತನ ಸೊಸೆ ಮಸಾಲೆ ವಡೆ ಕರಿದರೆ ತಟ್ಟೆಯೊಂದು ತಿಣ್ಣೆಗೆ ಬರುತ್ತಿತ್ತು. ಶ್ರೀನಿವಾಸಪುರದ ಮಾವು ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಕರಗದ ಹುಣ್ಣಿಮೆ ಹತ್ತಿರವಿದ್ದದ್ದರಿಂದ ರಾತ್ರಿ ಬೆಳಕು ಚೆನ್ನಾಗಿತ್ತು, ಕರೆಂಟು ಹೋದರೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಕರೆಂಟು ಹೋದಾಗಲೆಲ್ಲ ತಾತ ಒಂದು ಮಾತು ಹೇಳಲೇಬೇಕು: 1902ರಲ್ಲೇ ಶಿವನಸಮುದ್ರದಿಂದ ಈ ಗಣಿಗೆ ಕರೆಂಟು ಬಂತು, ಬೆಂಗಳೂರಿಗೆ ಬಂದದ್ದು ಆಮೇಲೆ ಅಂತ. ಸತ್ಯವೇ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ.

ಇರಲಿ, ಕಥೆಗೆ ಬರೋಣ.

ಆಗ ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಟೆಲಿಫೋನ್ ಕದ್ದಾಲಿಕೆಯ ಗಲಾಟೆಯಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ, 1988ರ ಆಗಸ್ಟಿನಲ್ಲಿ ಅವರು ಬಂದಿದ್ದರು. ಹುಬ್ಬಳ್ಳಿಯ ವಕೀಲರು, ಎಂ. ಎನ್. ರಾಯ್ ಅವರ ವಿಚಾರಗಳನ್ನು ಓದಿ ಬೆಳೆದವರು. ಜನತಾ ಪಕ್ಷ ಜನತಾ ದಳವಾಗುವ ಹೊತ್ತು. ಒಳಗೆ ಹೆಗಡೆಯವರ ಕಡೆ ಇವರು, ದೇವೇಗೌಡರ ಕಡೆ ಅವರು ಅನ್ನುವ ಜಗಳ ಆರಿರಲಿಲ್ಲ. ಏಪ್ರಿಲ್ 15ರಂದು ಬೊಮ್ಮಾಯಿ ಸಂಪುಟ ವಿಸ್ತರಣೆ ಮಾಡಿದರು. ಹೊಸದಾಗಿ 13 ಮಂದಿ ಮಂತ್ರಿಗಳಾದರು. ಮಂತ್ರಿಯಾದವರು ಹದಿಮೂರಾದರೆ ಆಗದೆ ಉಳಿದವರು ಎಷ್ಟೋ. ಸಿಟ್ಟು ಅಲ್ಲಿಂದ ಹೊತ್ತಿಕೊಂಡಿತು.

ಎರಡು ದಿನ ಕಳೆಯಿತು. 17ರಂದು ಆಡಳಿತ ಪಕ್ಷದ್ದೇ ಶಾಸಕ ಕೆ. ಆರ್. ಮೊಳಕೇರಿ ರಾಜಭವನಕ್ಕೆ ಹೋಗಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ಕೈಗೆ ಒಂದು ಪತ್ರ ಕೊಟ್ಟರು. ತಾನು ಪಕ್ಷ ಬಿಟ್ಟಿದ್ದೇನೆ ಅಂತ. ಅದರ ಜತೆಗೆ ಇನ್ನೂ 19 ಪತ್ರಗಳು. 19 ಶಾಸಕರು ಸರ್ಕಾರಕ್ಕೆ ಕೊಟ್ಟ ಬೆಂಬಲ ಹಿಂತೆಗೆದುಕೊಂಡಿದ್ದಾರೆ ಅನ್ನುವುದು ಅವುಗಳ ಸಾರ. ರಾಜ್ಯಪಾಲರು ಆ ಸಹಿಗಳು ಅವರದೇ ಹೌದೇ ಅಂತ ವಿಧಾನಮಂಡಲದ ಕಚೇರಿಯ ದಾಖಲೆಯೊಂದಿಗೆ ತಾಳೆ ನೋಡಿಸಿದರು. ಸಹಿ ಮಾಡಿದ ಮನುಷ್ಯರನ್ನು ಕರೆದು ಕೇಳಲಿಲ್ಲ. ಮುಖ್ಯಮಂತ್ರಿಯನ್ನೂ ಕೇಳಲಿಲ್ಲ. 19ರಂದು ರಾಷ್ಟ್ರಪತಿಗೆ ವರದಿ ಹೋಯಿತು: ಈ ಸರ್ಕಾರಕ್ಕೆ ಬಹುಮತ ಇಲ್ಲ, ಬೇರೆ ಯಾವ ಪಕ್ಷಕ್ಕೂ ಸರ್ಕಾರ ಕಟ್ಟುವ ಬಲವಿಲ್ಲ, ಸಂವಿಧಾನದ 356ನೇ ವಿಧಿಯಂತೆ ಕ್ರಮ ಆಗಲಿ ಅಂತ.

ಇಷ್ಟು ಕ್ರಮವಾಗಿ ನಾನು ಹೇಳುತ್ತಿರುವುದು ಆಮೇಲೆ ಸುಪ್ರೀಂ ಕೋರ್ಟಿನ ತೀರ್ಪು ಓದಿ ತಿಳಿದದ್ದು. ಆ ವಾರ ನಮ್ಮ ತಿಣ್ಣೆಗೆ ಬಂದದ್ದು ಚೂರುಪಾರು. ರೈಲಿನಲ್ಲಿ ಒಬ್ಬ, "ಇಪ್ಪತ್ತು ಜನ ಹೊಂಟೋದ್ರಂತೆ" ಅಂದರೆ, ಇನ್ನೊಬ್ಬ, "ಇಲ್ಲ ಕಣ್ರೀ, ಅದ್ರಲ್ಲಿ ಏಳು ಜನ ವಾಪಸ್ ಬಂದ್ರಂತೆ" ಅನ್ನುವನು. ಇಬ್ಬರೂ ಹೇಳಿದ್ದು ನಿಜವಾಗಿತ್ತು. 20ರಂದು ಆ 19 ಮಂದಿಯ ಪೈಕಿ 7 ಜನ ರಾಜ್ಯಪಾಲರಿಗೆ ಮತ್ತೆ ಪತ್ರ ಬರೆದರು. ಏನೋ ಹೇಳಿ ನಮ್ಮ ಸಹಿ ಹಾಕಿಸಿಕೊಂಡರು, ನಮ್ಮ ಬೆಂಬಲ ಈ ಸರ್ಕಾರಕ್ಕೇ ಇದೆ ಅಂತ. ಅದೇ ದಿನ ಬೊಮ್ಮಾಯಿಯವರು ಕಾನೂನು ಮಂತ್ರಿಯನ್ನು ಕರೆದುಕೊಂಡು ರಾಜಭವನಕ್ಕೆ ಹೋದರು. 27ಕ್ಕೆ ವಿಧಾನಸಭೆ ಸೇರುವುದು ಆಗಲೇ ಗೊತ್ತಾಗಿತ್ತು. ಬೇಕಿದ್ದರೆ ಇನ್ನೂ ಮುಂಚೆಯೇ ಕರೆಯುತ್ತೇನೆ, ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದರು. ರಾಷ್ಟ್ರಪತಿಗೂ ಟೆಲೆಕ್ಸ್ ಕಳಿಸಿದರು. ರಾಜ್ಯಪಾಲರು ಒಪ್ಪಲಿಲ್ಲ. ಕುದುರೆ ವ್ಯಾಪಾರ ನಡೆಯುತ್ತಿದೆ ಅಂತ ದಿಲ್ಲಿಗೆ ಎರಡನೇ ವರದಿ ಕಳಿಸಿದರು.

ಆ ರಾತ್ರಿಯ ಮಾತುಕತೆ ನನಗೆ ಚೆನ್ನಾಗಿ ನೆನಪಿದೆ. ವಡೆ ಇತ್ತೋ ಇಲ್ಲವೋ ಮರೆತಿದ್ದೇನೆ. ಮಾವ ಅಂಗಡಿ ಬೇಗ ಮುಚ್ಚಿ ಬಂದು, ಎಲೆಗೆ ಸುಣ್ಣ ಸವರುತ್ತಾ, "ನೋಡ್ರಣ್ಣಾ, ಇದು ನಮ್ಮ ರಾಮಾರಾವ್‌ಗೆ ಮಾಡಿದ್ದೇ" ಅಂದರು. 1984ರ ಕಥೆ ಅವರ ಬಾಯಲ್ಲಿ ಎಷ್ಟು ಸಲ ಕೇಳಿದರೂ ಹೊಸದಾಗಿರುತ್ತಿತ್ತು. ಎನ್. ಟಿ. ರಾಮಾರಾವ್ ಅಮೆರಿಕದಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದರೋ ಇಲ್ಲವೋ, ಆಗಸ್ಟ್ 16ರಂದು ರಾಜ್ಯಪಾಲ ರಾಮ್‌ಲಾಲ್ ಅವರನ್ನು ಇಳಿಸಿ ನಾದೆಂಡ್ಲ ಭಾಸ್ಕರರಾವ್ ಅವರನ್ನು ಕೂರಿಸಿದರು. ಶಾಸಕರು ನನ್ನ ಕಡೆ ಇದ್ದಾರೆ ಅಂತ ರಾಮಾರಾವ್ ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಅವರು ಗಾಲಿಕುರ್ಚಿಯಲ್ಲಿ ಕೂತು, ಶಾಸಕರನ್ನು ದಿಲ್ಲಿಗೆ ಕರೆದುಕೊಂಡು ಹೋಗಿ, ರಾಷ್ಟ್ರಪತಿ ಜೈಲ್‌ಸಿಂಗ್ ಎದುರು ನಿಲ್ಲಿಸಿದರು. ಆಮೇಲೆ ಆ ಶಾಸಕರನ್ನು ಜೋಪಾನ ಮಾಡಿದ್ದು ಯಾರು? ನಮ್ಮ ಕರ್ನಾಟಕ. ಹೆಗಡೆಯವರ ಸರ್ಕಾರ ಅವರಿಗೆ ಇಲ್ಲಿ ಆಸರೆ ಕೊಟ್ಟಿತ್ತು. ಒಂದು ತಿಂಗಳಿಗೆ ಸರಿಯಾಗಿ ರಾಮಾರಾವ್ ಮತ್ತೆ ಮುಖ್ಯಮಂತ್ರಿ ಆದರು. "ನಮ್ಮೋರ್ನ ಕಾಪಾಡಿದ ಮನೆಗೇ ಈಗ ಬೆಂಕಿ ಬಿತ್ತು" ಅಂತ ಮಾವ ಮರುಗಿದರು.

ತಾತ ತುಂಬ ಹೊತ್ತು ಸುಮ್ಮನಿದ್ದರು. ಕೇಳಿಸಿಲ್ಲವೇನೋ ಅಂತ ನಾನು ಗಟ್ಟಿಯಾಗಿ ಹೇಳಲು ಹೋದೆ. "ಕೇಳಿಸ್ತು ತಂಬಿ" ಅಂದರು. ಅವರದು ಇನ್ನೂ ಹಳೆಯ ಗಾಯ. ತುರ್ತುಪರಿಸ್ಥಿತಿಯ ಕಾಲ, 1976ರ ಜನವರಿ 31. ಕರುಣಾನಿಧಿ ಸರ್ಕಾರವನ್ನು ವಜಾ ಮಾಡಿದ ದಿನ. ಆಗ ಬಾಯಿ ಬಿಟ್ಟು ಮಾತಾಡುವುದಕ್ಕೂ ಜನ ಹೆದರುತ್ತಿದ್ದರಂತೆ; ಗಣಿಯ ಕೇಜಿನಲ್ಲಿ ಕೆಳಗಿಳಿಯುವಾಗ ಕತ್ತಲಲ್ಲಿ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡರಂತೆ. ತಾತನ ಮನೆಯ ನಡುಗೋಡೆಯಲ್ಲಿ ಅಂಬೇಡ್ಕರ್ ಚಿತ್ರವಿತ್ತು, ಪಕ್ಕದಲ್ಲಿ ಬುದ್ಧ. ನಮ್ಮ ಸಾಲುಗಳಲ್ಲಿ ಆ ಚಿತ್ರ ಇಲ್ಲದ ಮನೆ ಕಡಿಮೆ. ಒಳಗೆ ಬೆರಳು ತೋರಿಸಿ, "ಅವರು ಬರೆದ ಪುಸ್ತಕ ಇಟ್ಟುಕೊಂಡೇ ಇದನ್ನ ಮಾಡ್ತಾರೆ, ಅದು ನನಗೆ ತಡಿಯೋಕೆ ಆಗಲ್ಲ" ಅಂದರು. ರಾಜ್ಯ ಸರ್ಕಾರವನ್ನು ವಜಾ ಮಾಡುವ ಈ ವಿಧಿ ಬಳಕೆಗೇ ಬಾರದೆ ಕಾಗದದಲ್ಲೇ ಉಳಿಯಲಿ ಅಂತ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು ಅನ್ನುವುದನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ತಾತ ಅದನ್ನು ಓದಿದ್ದರೋ, ಯಾವುದೋ ಸಭೆಯಲ್ಲಿ ಕೇಳಿದ್ದರೋ, ಕೇಳುವುದಕ್ಕೆ ಈಗ ಅವರಿಲ್ಲ.

ಮೂರು ಮನೆ, ಮೂರು ಭಾಷೆ; ಎರಡು ಕಡೆ ವಜಾ ಆಗಿಹೋಗಿತ್ತು, ನಮ್ಮ ಕಡೆಯದು ಬಾಗಿಲಿಗೆ ಬಂದಿತ್ತು. ಅವತ್ತು ಆ ತಿಣ್ಣೆಯ ಮೇಲೆ ಕೂತು ಮೊದಲ ಸಲ ನನಗೆ ಭಯವಾಯಿತು. ಪಕ್ಷಗಳ ಜಗಳ ಅಂತ ನಾನು ಅಂದುಕೊಂಡಿದ್ದದ್ದು ಅಷ್ಟಕ್ಕೇ ನಿಲ್ಲುವುದಿಲ್ಲ, ನಾವು ಸಾಲಿನಲ್ಲಿ ನಿಂತು ಹಾಕಿದ ಓಟನ್ನು ನಾಲ್ಕು ಗೋಡೆಯ ನಡುವೆ ಒಂದಿಷ್ಟು ಕಾಗದ ಇಟ್ಟುಕೊಂಡು ಅಳಿಸಿಹಾಕಬಹುದು ಅನ್ನುವುದು ಹೊಳೆದದ್ದು ಆಗ.

ನಮ್ಮಪ್ಪ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಕೊನೆಗೆ ಅವರಂದದ್ದು ಇದು: "ಗಣಿಗೆ ಇಳಿದೋರು ಎಷ್ಟು, ಹತ್ತಿ ಬಂದೋರು ಎಷ್ಟು ಅಂತ ಶಾಫ್ಟ್ ಬಾಯಲ್ಲಿ ನಿಂತು ಎಣಿಸ್ತೀವಿ. ಆಳು ಕಣ್ಣೆದುರು ಇರ್ಬೇಕು. ಮನೇಲಿ ಕೂತು ನಾನು ಬಂದಿಲ್ಲ ಅಂತಲೋ ಬಂದಿದೀನಿ ಅಂತಲೋ ಚೀಟಿ ಬರೆದು ಕಳಿಸಿದ್ರೆ ಹಾಜರಿ ಹಾಕ್ತೀವಾ? ಆ ಚೀಟೀನ ಇನ್ಯಾರೋ ತಂದ್ಕೊಟ್ರೆ?" ತಾತ ತಲೆಯಾಡಿಸಿದರು. ಚಾಂಪಿಯನ್ ರೀಫ್‌ನಲ್ಲಿ ನೆಲದಿಂದ 3 ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದು ಜನ ಸಿಕ್ಕಿಕೊಂಡಾಗ, ಒಳಗೆ ಯಾರಿದ್ದಾರೆ ಅಂತ ಹೇಳಲು ಇರುವುದು ಆ ಲೆಕ್ಕ ಒಂದೇ. ಅದರ ಬೆಲೆ ಅವರಿಬ್ಬರಿಗೆ ಗೊತ್ತಿದ್ದಷ್ಟು ರಾಜಭವನದಲ್ಲಿ ಗೊತ್ತಿರಲಿಲ್ಲ.

ಮಾರನೇ ದಿನ ಶುಕ್ರವಾರ, ಏಪ್ರಿಲ್ 21. ರಾಷ್ಟ್ರಪತಿ ಆರ್. ವೆಂಕಟರಾಮನ್ ಘೋಷಣೆಗೆ ಸಹಿ ಹಾಕಿದರು. ದಿಲ್ಲಿಯಲ್ಲಿ ರಾಜೀವ್ ಗಾಂಧಿಯವರ ಸರ್ಕಾರ. ಇಲ್ಲಿ ಸರ್ಕಾರವೂ ಹೋಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಸಂಜೆಯ ರೈಲಿನಲ್ಲಿ ಎಂದಿನ ಹಾಗೆ ಇಸ್ಪೀಟು ಹಾಕಲಿಲ್ಲ ಅಂತ ನೆನಪು. ಬಂಗಾರಪೇಟೆಯಲ್ಲಿ ಎಂಜಿನ್ ಬದಲಾಯಿಸುವುದಕ್ಕೋ ಏನಕ್ಕೋ ಗಾಡಿ ನಿಂತಾಗ ಪ್ಲಾಟ್‌ಫಾರ್ಮಿನ ಟೀ ಮಾರುವವನು ಕಿಟಕಿಯಿಂದ ಗ್ಲಾಸು ಕೊಡುತ್ತಾ, "ನಾಮ್ ಹಾಕಿದ ಓಟು ಎಲ್ಲಿಗ್ ಹೋಯ್ತು ಸಾರ್?" ಅಂದ. ಯಾರೂ ಉತ್ತರ ಹೇಳಲಿಲ್ಲ. 1985ರಲ್ಲಿ ಜನತಾ ಪಕ್ಷಕ್ಕೆ 224ರಲ್ಲಿ 139 ಸ್ಥಾನ ಕೊಟ್ಟ ಜನ ನಾವು.

ಬೊಮ್ಮಾಯಿ ಹೈಕೋರ್ಟಿಗೆ ಹೋದರು. ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅರ್ಜಿಯನ್ನು ವಜಾ ಮಾಡಿತು. ಸದನದಲ್ಲಿ ಬಲಾಬಲ ಪರೀಕ್ಷೆ ಆಗಲೇಬೇಕು ಅಂತೇನಿಲ್ಲ ಅಂದಿತು. ಅದೇ ವರ್ಷ ನವೆಂಬರಿನಲ್ಲಿ ಚುನಾವಣೆ. ಕಾಂಗ್ರೆಸ್ 178 ಸ್ಥಾನ ಗೆದ್ದು ವೀರೇಂದ್ರ ಪಾಟೀಲ್ ಮುಖ್ಯಮಂತ್ರಿಯಾದರು. ಜನರೇ ತೀರ್ಪು ಕೊಟ್ಟ ಮೇಲೆ ಆ ಹಳೇ ಮಾತು ಯಾಕೆ ಅಂತ ಎಷ್ಟೋ ಮಂದಿ ಕೇಳಿದರು. ನಾನು ಆ ಮಾತನ್ನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ನವೆಂಬರಿನಲ್ಲಿ ಜನ ಯಾರನ್ನು ಗೆಲ್ಲಿಸಿದರು ಅನ್ನುವುದರಿಂದ ಏಪ್ರಿಲಿನಲ್ಲಿ ಮಾಡಿದ್ದು ಸರಿಯಾಗುವುದಿಲ್ಲ. ಜನರಿಗೆ ಸೋಲಿಸುವ ಹಕ್ಕಿದೆ. ಆ ಹಕ್ಕನ್ನು ಅವರ ಪರವಾಗಿ ಬೇರೆ ಯಾರೂ ಚಲಾಯಿಸಬಾರದು.

ತಾತನಿಗೆ ಇನ್ನೊಂದು ಪೆಟ್ಟು ಬಾಕಿಯಿತ್ತು. 1991ರ ಜನವರಿ 30ರಂದು ಕರುಣಾನಿಧಿ ಸರ್ಕಾರವನ್ನು ಮತ್ತೆ ವಜಾ ಮಾಡಿದರು. ಈ ಸಲ ರಾಜ್ಯಪಾಲ ಸುರ್ಜಿತ್ ಸಿಂಗ್ ಬರ್ನಾಲಾ ವರದಿ ಕಳಿಸಲು ಒಪ್ಪಲೇ ಇಲ್ಲ. ವರದಿ ಇಲ್ಲದೆಯೇ ಕೆಲಸ ಮುಗಿಸಿದರು. ಚಂದ್ರಶೇಖರ್ ಆಗ ಪ್ರಧಾನಿ. ಆ ರಾತ್ರಿ ತಾತ ರೇಡಿಯೋ ಆರಿಸಿ, ಬರ್ನಾಲಾ ಅವರ ಹೆಸರನ್ನು ಎರಡು ಮೂರು ಸಲ ಹೇಳಿ, "ಒಳ್ಳೇ ಮನುಷ್ಯ" ಅಂದರಂತೆ. ನಾನು ಅಲ್ಲಿರಲಿಲ್ಲ, ಅಪ್ಪ ಹೇಳಿದ್ದು. ಬರ್ನಾಲಾ ಅವರನ್ನು ಬಿಹಾರಕ್ಕೆ ವರ್ಗ ಮಾಡಿದಾಗ ಅವರು ರಾಜೀನಾಮೆ ಕೊಟ್ಟು ಎದ್ದು ನಡೆದರು.

ಬೊಮ್ಮಾಯಿ ಮಾತ್ರ ಬಿಡಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. ನಾಗಾಲ್ಯಾಂಡ್, ಮೇಘಾಲಯದ ವಜಾಗಳೂ, ಬಾಬರಿ ಮಸೀದಿ ಬಿದ್ದ ಮೇಲೆ 1992ರ ಡಿಸೆಂಬರಿನಲ್ಲಿ ವಜಾ ಆದ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲಪ್ರದೇಶದ ಪ್ರಕರಣಗಳೂ ಒಟ್ಟಿಗೆ ಬಂದವು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಕರ್ನಾಟಕದ ವಜಾ ಸಂವಿಧಾನಬಾಹಿರ. ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜ್ಯಪಾಲರ ಖಾಸಗಿ ಅಭಿಪ್ರಾಯದ ವಿಷಯವಲ್ಲ, ಅದನ್ನು ಸದನದಲ್ಲೇ ಪರೀಕ್ಷಿಸಬೇಕು. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಒಪ್ಪಿಗೆ ಸಿಗುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವ ಹಾಗಿಲ್ಲ. ಜಾತ್ಯತೀತತೆ ಸಂವಿಧಾನದ ಮೂಲರಚನೆಗೆ ಸೇರಿದ್ದು ಅಂತಲೂ ಹೇಳಿ, ಆ ಮೂರು ಉತ್ತರದ ರಾಜ್ಯಗಳ ವಜಾಗಳನ್ನು ಎತ್ತಿಹಿಡಿಯಿತು.

ಆ ಸುದ್ದಿ ಬಂದ ದಿನ ನಮ್ಮಪ್ಪ ಪೇಪರನ್ನು ಎರಡು ಸಲ ಓದಿದರು. ನಿವೃತ್ತರಾಗಿದ್ದರು, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದರು. ಏನೂ ಹೇಳಲಿಲ್ಲ. ಅಮ್ಮನನ್ನು ಕರೆದು ಪಾಯಸ ಮಾಡು ಅಂದರು. ಬೆಲ್ಲ ತರಲು ನಾನೇ ಮಾವನ ಅಂಗಡಿಗೆ ಹೋದೆ. ಮಾವ ದುಡ್ಡು ತೆಗೆದುಕೊಳ್ಳಲಿಲ್ಲ. ಗಸಗಸೆಯನ್ನೂ ಒಂದು ಪೊಟ್ಟಣದಲ್ಲಿ ಕಟ್ಟಿಕೊಟ್ಟರು.

ಐದು ವರ್ಷ ತಡವಾದ ತೀರ್ಪು ಅದು. ಕೆಡವಿದ ಸಭೆಯನ್ನು ಎಬ್ಬಿಸಿ ಕೂರಿಸಲು ಆಗುವಂತಿರಲಿಲ್ಲ, ನಡುವೆ ಚುನಾವಣೆಯೇ ಆಗಿಹೋಗಿತ್ತು. ಬೊಮ್ಮಾಯಿ ಮುಂದೆ ಕೇಂದ್ರದಲ್ಲಿ ಮಾನವ ಸಂಪನ್ಮೂಲ ಮಂತ್ರಿಯಾದರು. ಮುಖ್ಯಮಂತ್ರಿಯ ಕುರ್ಚಿಗೆ ಮರಳಲಿಲ್ಲ. 2007ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆದರೆ ಅವರ ಹೆಸರಿನ ಆ ಮೊಕದ್ದಮೆಯಿಂದ ಆಮೇಲೆ ಎಷ್ಟೋ ರಾಜ್ಯಗಳ ಸರ್ಕಾರಗಳು ಉಳಿದವು. ಮುಂಚೆ ಮಾಡುತ್ತಿದ್ದ ಹಾಗೆ ಮನಸ್ಸು ಬಂದಾಗ ವಜಾ ಮಾಡುವ ಧೈರ್ಯ ದಿಲ್ಲಿಗೆ ಕಡಿಮೆಯಾಯಿತು.

2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲೇ ಆ ತೀರ್ಪಿನ ಬಲವನ್ನು ಕಣ್ಣಾರೆ ಕಂಡೆವು. ಚುನಾವಣೆಯಲ್ಲಿ ಯಾರಿಗೂ ಬಹುಮತ ಬಂದಿರಲಿಲ್ಲ. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನು ಕರೆದು ಬಹುಮತ ತೋರಿಸಲು 15 ದಿನ ಕೊಟ್ಟರು. ನಡುರಾತ್ರಿ ಸುಪ್ರೀಂ ಕೋರ್ಟಿನ ಬಾಗಿಲು ತೆರೆಯಿತು. ಆಮೇಲೆ ಬಂದ ಆದೇಶದಂತೆ 19ರ ಸಂಜೆ 4 ಗಂಟೆಗೆ ಸದನದಲ್ಲೇ ಪರೀಕ್ಷೆ ಆಗಬೇಕಾಯಿತು. ಯಡಿಯೂರಪ್ಪ ಅದಕ್ಕೆ ಮುಂಚೆಯೇ ರಾಜೀನಾಮೆ ಕೊಟ್ಟರು. ಅವತ್ತು ಟಿವಿ ಮುಂದೆ ಕೂತಿದ್ದ ನನ್ನ ಮಗಳು, "ಬೊಮ್ಮಾಯಿ ಕೇಸು ಅಂತಾರಲ್ಲ, ಅದೇನಪ್ಪಾ?" ಅಂತ ಕೇಳಿದಳು. ಈ ಕಥೆ ನಾನು ಮೊದಲು ಹೇಳಿದ್ದು ಅವಳಿಗೆ.

ಆಗ ತಿಣ್ಣೆಯ ಮೂವರೂ ಇರಲಿಲ್ಲ. ಗಣಿಯೂ 2001ರ ಫೆಬ್ರುವರಿ 28ರಂದು ಮುಚ್ಚಿತ್ತು. ಮಾರಿಕುಪ್ಪಂ ರೈಲು ಮಾತ್ರ ಬೆಳಗಿನ ಕತ್ತಲಲ್ಲಿ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಹೊರಡುತ್ತಲೇ ಇದೆ.

ಬೊಮ್ಮಾಯಿಯವರ ಸರ್ಕಾರ ಚೆನ್ನಾಗಿತ್ತೋ ಇಲ್ಲವೋ, ಅದರ ಬಗ್ಗೆ ನನ್ನದೂ ದೂರುಗಳಿದ್ದವು. ಆ 19 ಮಂದಿ ನಿಜಕ್ಕೂ ಬಿಟ್ಟುಹೋಗಿದ್ದರೆ ಆ ಸರ್ಕಾರ 27ನೇ ತಾರೀಕು ಸದನದಲ್ಲಿ ಬೀಳುತ್ತಿತ್ತು, ಬೀಳಲಿ. ಆರು ದಿನ ಕಾಯಬೇಕಿತ್ತು ಅಷ್ಟೇ. ಕಾಯದೇ ಇದ್ದದ್ದು ಅನ್ಯಾಯ. ಇನ್ನು ಮುಂದೆ ಶಾಸಕರನ್ನು ತುಂಬಿಕೊಂಡ ಬಸ್ಸು ರೆಸಾರ್ಟಿನ ಗೇಟು ದಾಟುವುದನ್ನು ಟಿವಿಯಲ್ಲಿ ಕಂಡರೆ, ಯಾರ ಕಡೆ ಎಷ್ಟು ಜನ ಅಂತ ಕೇಳುವುದಕ್ಕೆ ಮೊದಲು ವಿಧಾನಸಭೆ ಯಾವತ್ತು ಸೇರುತ್ತದೆ ಅಂತ ಕೇಳಿ.